ಪಿಕಪ್‌ಗೆ ಯಾವ ಪೆಟ್ರೋಲ್ ಹಾಕಿಸಬೇಕು?

ಪುಣೆಯಲ್ಲಿ ಪೆಟ್ರೋಲ್ ಪಿಕಪ್ ಓಡಿಸುವ ಅಣ್ಣಂದಿರೇ, ಪಂಪಿನ ಹುಡುಗ ಪ್ರೀಮಿಯಂ ಹಾಕಲಾ ಅಂದ ಕೂಡಲೇ ಹೂಂ ಅನ್ನಬೇಡಿ. ಮೊದಲು ಗಾಡಿ ಜೊತೆ ಬಂದ ಪುಸ್ತಕ ನೋಡಿ. 91 ಆಕ್ಟೇನ್ ಅಂತಿದ್ದರೆ ಸಾದಾ ಪೆಟ್ರೋಲೇ ಸಾಕು. ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ. ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಹೊತ್ತಿ ಸಿಡಿಯದಂತೆ ತಡೆಯುವ ಗುಣ, ಅಷ್ಟೇ. ಸುಮ್ನೆ ಯಾಕೆ ಜಾಸ್ತಿ ದುಡ್ಡು ಕೊಡೋದು, ಅಲ್ವಾ?

ಆದರೆ ಫುಲ್ ಲೋಡಿನಲ್ಲಿ ಕಾತ್ರಜ್ ಘಾಟ್ ಹತ್ತುವಾಗ ಇಂಜಿನ್ ಟಕಟಕ ಅಂತ ಬಡಿದುಕೊಂಡರೆ ತಕ್ಷಣ ಗೇರ್ ಇಳಿಸಿ. ಆಮೇಲೂ ಕೇಳಿಸಿದರೆ ಒಂದು ಟ್ಯಾಂಕ್ ಹೆಚ್ಚು ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್ ಹಾಕಿಸಿ ನೋಡಿ. ಅದಕ್ಕೂ ನಿಲ್ಲಲಿಲ್ಲವೇ? ಮೆಕ್ಯಾನಿಕ್‌ಗೆ ತೋರಿಸಿ, ದಯವಿಟ್ಟು ಹಾಗೇ ಓಡಿಸಬೇಡಿ, ಪಿಸ್ಟನ್ನೇ ಹಾಳಾಗುತ್ತದೆ.

ಹಳೇ ಗಾಡಿಯವರು ಇ20, ಅಂದ್ರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್, ನಡೆಯುತ್ತದಾ ಅಂತಲೂ ಪುಸ್ತಕದಲ್ಲಿ ನೋಡಿಕೊಳ್ಳಿ. ಡೀಸೆಲ್ ಗಾಡಿಗೆ ಈ ಆಕ್ಟೇನ್ ಲೆಕ್ಕವೇ ಇಲ್ಲ.