ರಟ್ಟಿನ ತೂತಿನಲ್ಲಿ ಯುರೇನಸ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮೊದಲಿದ್ದದ್ದು 60 ಮಿ.ಮೀ. ದುರ್ಬೀನು. ಡಬ್ಬದ ಮೇಲೆ 525 ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪಟ್ಟು ಏರಿಸಿದಷ್ಟೂ ಯುರೇನಸ್ ಮಸುಕಾಗಿ ಹರಡಿತೇ ಹೊರತು ಗ್ರಹದ ಹಾಗೆ ಕಾಣಲೇ ಇಲ್ಲ. ಆಮೇಲೆ ಆರು ಇಂಚಿನ, ಅಂದರೆ 150 ಮಿ.ಮೀ. ದರ್ಪಣದ ದುರ್ಬೀನು ತಂದೆ.

2025ರ ನವೆಂಬರ್. ಯುರೇನಸ್ ಕೃತ್ತಿಕೆಯಿಂದ ಸ್ವಲ್ಪ ದಕ್ಷಿಣಕ್ಕಿತ್ತು. ನಮ್ಮಲ್ಲಿ ಅಡಿಕೆ ಕೊಯ್ಲು. ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆಯ ಬಿಸಿಗೆ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಎಲ್ಲವೂ ಕುದಿಯುವ ನೀರಿನೊಳಗಿನ ಕಲ್ಲಿನಂತೆ ನಡುಗುತ್ತಿತ್ತು. ಎಂಥ ದರ್ಪಣವಿದ್ದರೂ ಅಂಥ ಗಾಳಿಯಲ್ಲಿ ಪ್ರಯೋಜನವಿಲ್ಲ. ಒಲೆ ಆರಿ, ನಡುರಾತ್ರಿ ದಾಟಿದ ಮೇಲೆ 150 ಪಟ್ಟಿನಲ್ಲಿ ನೋಡಿದೆ: ತೆಳು ಹಸಿರು ಛಾಯೆಯ ಪುಟ್ಟ ಬಿಲ್ಲೆ, ಅಂಚು ಸ್ಪಷ್ಟ. ಪಕ್ಕದ ನಕ್ಷತ್ರ ಬರೀ ಸೂಜಿಮೊನೆ. 1781ರಲ್ಲಿ ವಿಲಿಯಂ ಹರ್ಷೆಲ್ ಇದು ನಕ್ಷತ್ರವಲ್ಲ ಎಂದು ಗುರುತಿಸಿದ್ದೂ ಆರು ಇಂಚಿಗಿಂತ ತುಸು ದೊಡ್ಡ ದರ್ಪಣದಲ್ಲೇ. ಅದು ನೆನಪಾಗಿ ಮೈ ಜುಮ್ಮೆಂದಿತು.

ಮರುದಿನ ರಾತ್ರಿ ರಟ್ಟಿನಲ್ಲಿ 50 ಮಿ.ಮೀ. ತೂತು ಕೊರೆದು ದುರ್ಬೀನಿನ ಬಾಯಿಗೆ ಮುಚ್ಚಿದೆ. ನಡುವೆ ಚಿಕ್ಕ ಕನ್ನಡಿ ಅಡ್ಡ ಇರುವುದರಿಂದ ತೂತು ಪಕ್ಕಕ್ಕಿರಬೇಕು. ಐಪೀಸ್ ಬದಲಿಸಲಿಲ್ಲ, ಪಟ್ಟು ಅಷ್ಟೇ. ಅಣ್ಣನ ಮಗಳು ಕಣ್ಣಿಟ್ಟು ನೋಡಿ, "ಚಿಕ್ಕಪ್ಪಾ, ಎರಡೂ ಒಂದೇ ಥರ ಇದೆಯಲ್ಲ, ಯುರೇನಸ್ ಯಾವುದು?" ಎಂದಳು.

ಬೆಳಕು ಅಲೆ. ಬಾಯಿ ಕಿರಿದಾದಷ್ಟೂ ಅದು ಹೆಚ್ಚು ಹರಡುತ್ತದೆ, ನಕ್ಷತ್ರವೂ ಬೊಟ್ಟಿನಂತೆ ಊದಿಕೊಳ್ಳುತ್ತದೆ. 116ನ್ನು ಬಾಯಿಯ ಮಿ.ಮೀ. ಅಗಲದಿಂದ ಭಾಗಿಸಿದರೆ ಎಷ್ಟು ಒತ್ತಾಗಿರುವ ಜೋಡಿ ನಕ್ಷತ್ರಗಳನ್ನು ಬಿಡಿಸಿ ನೋಡಬಹುದೆಂಬುದು, ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲಾದ ಆರ್ಕ್‌ಸೆಕೆಂಡಿನಲ್ಲಿ ಸಿಗುತ್ತದೆ: 150ಕ್ಕೆ ಸುಮಾರು 0.8, 50ಕ್ಕೆ 2.3. ಬೊಟ್ಟಿನ ಪೂರ್ತಿ ಅಗಲ ಇದರ ಎರಡು ಪಟ್ಟಿಗೂ ಹೆಚ್ಚು. ಯುರೇನಸ್ ಇರುವುದೇ 3.8 ಆರ್ಕ್‌ಸೆಕೆಂಡ್. ಹಾಗಾಗಿ 50 ಮಿ.ಮೀ. ಬಾಯಿಯಲ್ಲಿ ಬೊಟ್ಟು ಗ್ರಹವನ್ನೇ ನುಂಗಿಬಿಡುತ್ತದೆ. ಪಟ್ಟು ಏರಿಸಿದರೆ ಬೊಟ್ಟೂ ಜೊತೆಗೇ ಹಿಗ್ಗುತ್ತದೆ. ಹೊಸದಾಗಿ ಕೊಳ್ಳುವವರು ಡಬ್ಬದ ಮೇಲಿನ ಪಟ್ಟು ಬಿಟ್ಟು ಬಾಯಿಯ ಅಗಲ ಕೇಳಬೇಕು.

"ಬೇರೆ ಸೂರ್ಯರ ಗ್ರಹ?" ಎಂದಳು. ಇಬ್ಬನಿಗೆ ಒದ್ದೆಯಾಗಿದ್ದ ರಟ್ಟಿನ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು. ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾದ ಬಳಿ ಗುರುವಿನಷ್ಟು ದೊಡ್ಡ ಗ್ರಹವಿದ್ದರೂ ನಮಗದು 0.0007 ಆರ್ಕ್‌ಸೆಕೆಂಡ್. ಬಿಲ್ಲೆಯಾಗಿ ಕಾಣಲು ಕನಿಷ್ಠ 165 ಮೀಟರ್ ದರ್ಪಣ ಬೇಕು. ಚಿಲಿಯಲ್ಲಿ ಕಟ್ಟುತ್ತಿರುವ ಅತಿ ದೊಡ್ಡ ದುರ್ಬೀನಿನದೇ 39 ಮೀಟರ್.