‘ಮೂಳೆ ಸರಿದಿದೆ’ ಎನ್ನುವುದನ್ನು ನಾನು ಬಿಟ್ಟದ್ದು

ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಆಡಿಸಿ ಚಿಕಿತ್ಸೆ ಕೊಡುವ ಕೈರೊಪ್ರಾಕ್ಟಿಕ್ ವೃತ್ತಿಯ ಮೊದಲ ವರ್ಷಗಳಲ್ಲಿ, ತರಗತಿಯಲ್ಲಿ ಕಲಿತ ಪದಗಳನ್ನು ಕಲಿತ ಹಾಗೆಯೇ ರೋಗಿಗಳ ಮುಂದೆ ಆಡುತ್ತಿದ್ದೆ. ಸೊಂಟನೋವೆಂದು ಬಂದ ಹಿರಿಯರೊಬ್ಬರಿಗೆ, “ಸಬ್‌ಲಕ್ಸೇಶನ್ ಆಗಿದೆ, ಅಂದರೆ ಮೂಳೆ ಸ್ವಲ್ಪ ಸರಿದಿದೆ” ಎಂದಿದ್ದೆ. ಮರುವಾರ ಬಂದಾಗ ಅವರು ಕೆಳಗೆ ಬಿದ್ದ ಕನ್ನಡಕವನ್ನು ಎತ್ತಿಕೊಳ್ಳಲೂ ಬಗ್ಗಲಿಲ್ಲ. ಬಗ್ಗಿದರೆ ಮೂಳೆ ಪೂರ್ತಿ ಜಾರೀತೆಂಬ ಭಯ. ಅವರನ್ನು ಕಟ್ಟಿಹಾಕಿದ್ದು ನೋವಲ್ಲ, ನನ್ನ ಮಾತು.

ವೈದ್ಯಶಾಸ್ತ್ರದಲ್ಲಿ ಸಬ್‌ಲಕ್ಸೇಶನ್ ಎಂದರೆ ಕೀಲು ಭಾಗಶಃ ತಪ್ಪಿರುವುದು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಈ ಚಿಕಿತ್ಸೆಯನ್ನು ಆರಂಭಿಸಿದ ಡಿ. ಡಿ. ಪಾಮರ್ ಅದೇ ಪದವನ್ನು ಹಿಗ್ಗಿಸಿ, ಸ್ಥಾನ ತಪ್ಪಿದ ಕಶೇರುಕಗಳು, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು, ನರಗಳನ್ನು ಬಾಧಿಸುವುದರಿಂದಲೇ ಬಹುತೇಕ ಕಾಯಿಲೆಗಳು ಬರುತ್ತವೆ ಎಂದರು. ಆ ವಾದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನನ್ನ ಕೈಗೆ ನಿಜವಾಗಿ ಸಿಗುತ್ತಿದ್ದುದು ಕೀಲಿನ ಬಿಗಿತ, ಒತ್ತಿದಾಗಿನ ನೋವು, ಸುತ್ತಲಿನ ಸ್ನಾಯುಗಳ ಸೆಡೆತ, ಇಷ್ಟೇ. ಆದ್ದರಿಂದ ಇಷ್ಟನ್ನೇ ಹೇಳತೊಡಗಿದೆ.

ಬೆನ್ನುಮೂಳೆಯ 33 ಕಶೇರುಕಗಳಲ್ಲಿ ಮೇಲಿನ 24 ಬಿಡಿಬಿಡಿಯಾಗಿ ಅಲುಗುತ್ತವೆ. ಅವುಗಳ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದರಂತೆ ಇದ್ದು ಒಂದು ಕಶೇರುಕವನ್ನು ಇನ್ನೊಂದಕ್ಕೆ ಜೋಡಿಸುವ ಫ್ಯಾಸೆಟ್ ಕೀಲುಗಳನ್ನು ವಿವರಿಸಲು ನಾನು ಎರಡು ಅಂಗೈಗಳನ್ನು ಸೇರಿಸಿ ಒಂದರ ಮೇಲೊಂದು ಜಾರಿಸಿ ತೋರಿಸುತ್ತೇನೆ. ಕೈಗಳನ್ನು ಓರೆಯಾಗಿ ಹಿಡಿದರೆ ಕುತ್ತಿಗೆ, ಅಲ್ಲಿ ತಿರುಗುವುದು ಸುಲಭ. ನೆಟ್ಟಗೆ ನಿಲ್ಲಿಸಿದರೆ ಸೊಂಟ, ಅಲ್ಲಿ ಬಗ್ಗುವುದು ಸಲೀಸು, ತಿರುಚುವುದು ಪ್ರತಿ ಕೀಲಿಗೂ ಕೆಲವೇ ಡಿಗ್ರಿ.

ಮೊಬಿಲೈಸೇಶನ್ ಮತ್ತು ಮ್ಯಾನಿಪ್ಯುಲೇಶನ್ ಎಂಬೆರಡು ಪದಗಳನ್ನು ಬೆರೆಸಬಾರದು. ಮೊದಲನೆಯದರಲ್ಲಿ ಕೀಲನ್ನು ನಿಧಾನವಾಗಿ, ಮತ್ತೆ ಮತ್ತೆ ಆಡಿಸುತ್ತೇವೆ; ಬೇಡವೆನಿಸಿದರೆ ರೋಗಿ ನಡುವೆಯೇ ತಡೆಯಬಹುದು. ಎರಡನೆಯದರಲ್ಲಿ ಕೀಲಿನ ಸಡಿಲವನ್ನೆಲ್ಲ ಎಳೆದುಕೊಂಡು, ಆ ಅಂಚಿನಲ್ಲಿ ಚುರುಕಾದ ಆದರೆ ಅತಿ ಕಿರಿದಾದ ಒಂದು ಒತ್ತು ಕೊಡುತ್ತೇವೆ. ಅದು ತಡೆಯಲಾಗದಷ್ಟು ಬೇಗ ಮುಗಿಯುವುದರಿಂದ ಒಪ್ಪಿಗೆಯನ್ನು ಮೊದಲೇ ಕೇಳಬೇಕು. ಕೈರೊಪ್ರಾಕ್ಟರುಗಳು ಅಡ್ಜಸ್ಟ್‌ಮೆಂಟ್ ಎನ್ನುವುದು ಬಹುಮಟ್ಟಿಗೆ ಇದನ್ನೇ. ಆ ಹೆಸರು ನನಗೆ ಹಿಡಿಸುವುದಿಲ್ಲ, ಏಕೆಂದರೆ ಕೇಳಿದವರು ಏನನ್ನೋ ಅದರ ಜಾಗಕ್ಕೆ ಕೂರಿಸಿದರೆಂದೇ ತಿಳಿಯುತ್ತಾರೆ.

ಒತ್ತಿದಾಗ ಬರುವ ‘ಟಕ್’ ಶಬ್ದದ ಹೆಸರು ಕ್ಯಾವಿಟೇಶನ್. ಬೆರಳಿನ ನೆಟಿಕೆ ಮುರಿದಾಗ ಆಗುವುದೂ ಇದೇ: ಕೀಲಿನ ಮೇಲ್ಮೈಗಳು ದೂರವಾದಾಗ ಒಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುತ್ತದೆ. ಅದೇ ಬೆರಳನ್ನು ಮತ್ತೆ ಸದ್ದು ಮಾಡಿಸಲು ಸುಮಾರು 20 ನಿಮಿಷ ಕಾಯಬೇಕು. ಸದ್ದು ಬಾರದಿದ್ದರೆ ಚಿಕಿತ್ಸೆ ಕೆಟ್ಟಿತೆಂದಲ್ಲ; ಆದರೂ ಸದ್ದಿಗಾಗಿಯೇ ಎರಡನೆಯ ಬಾರಿ ಒತ್ತುವ ಚಪಲ ನನಗೂ ಇತ್ತು.

ಮೂಳೆ ಸವೆದು ದುರ್ಬಲವಾದವರಿಗೆ ಈ ಒತ್ತು ಸಲ್ಲದು. ಸೊಂಟನೋವಿನೊಂದಿಗೆ ತೊಡೆಸಂದಿಯ ಸುತ್ತ ಮರಗಟ್ಟಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದ್ದರೆ ಕೈಹಚ್ಚದೆ ತಕ್ಷಣ ಆಸ್ಪತ್ರೆಗೆ ಕಳಿಸುತ್ತೇನೆ. ಕುತ್ತಿಗೆಯ ವಿಷಯದಲ್ಲಿ, ಅಪರೂಪವಾದರೂ ರಕ್ತನಾಳದ ಗೋಡೆ ಸೀಳುವ ಅಪಾಯವಿದೆಯೆಂದು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ಆ ಹಿರಿಯರಿಗೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. “ಮೂಳೆ ಅದರ ಜಾಗದಲ್ಲೇ ಇದೆ, ಕೀಲು ಬಿಗಿದಿದೆ” ಎಂದಾಗ ಅವರು ನಂಬಲಿಲ್ಲ. “ಹೋದ ವಾರ ಸರಿದಿದೆ ಅಂದಿರಲ್ಲ?” ಎಂದರು. ಅವರು ಭಯವಿಲ್ಲದೆ ಬಗ್ಗುವುದಕ್ಕೆ ಇನ್ನೂ ಮೂರು ಭೇಟಿಗಳು ಬೇಕಾದವು.