ಬಿಸಿಲಿಗೆ ಗಿಡ ಬಾಡಿದರೆ ನೀರು ನೆಲಕ್ಕೆ ಹಾಕಿ

ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಸಣ್ಣ ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಗಿಡದ ಮನೆ) ಇಟ್ಟುಕೊಂಡವರಿಗೆ ಒಂದು ಮಾತು. ಮಧ್ಯಾಹ್ನ ಎಲೆ ಜೋತು ಬಿದ್ದರೆ ಗಿಡದ ಮೇಲೆ ನೀರು ಚಿಮುಕಿಸಬೇಡಿ. ಮಡಿಗಳ ನಡುವಿನ ದಾರಿಗೆ ಹಳೇ ಗೋಣಿಚೀಲ ಹಾಸಿ, ಬೆಳಗ್ಗೆ 11ಕ್ಕೆ ಒಂದು ಸಲ, ಮಧ್ಯಾಹ್ನ 2ಕ್ಕೆ ಒಂದು ಸಲ ಚೆನ್ನಾಗಿ ತೋಯಿಸಿ. ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ. ಒಂದು ಲೀಟರ್ ತಣ್ಣೀರು ಕುದಿ ಬರುವಷ್ಟು ಕಾಯಲು ಬೇಕಾದ ಶಾಖದ ಸುಮಾರು ಏಳು ಪಟ್ಟು, ಅದೇ ಲೀಟರ್ ಆವಿಯಾಗಲು ಬೇಕು. ನಮ್ಮ ಕಡೆ ಬೇಸಿಗೆ ಗಾಳಿ ಒಣಗಾಳಿ, ಅದಕ್ಕೇ ಈ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಬರೀ ನೆಲಕ್ಕಿಂತ ಗೋಣಿ ಜಾಸ್ತಿ ಹೊತ್ತು ಹಸಿಯಾಗಿರುತ್ತದೆ. ಇನ್ನೊಂದು ಲಾಭ, ಬೋರಿನ ಸವಳು ನೀರಾದರೂ ನಡೆಯುತ್ತದೆ. ಅದೇ ನೀರು ಎಲೆ ಮೇಲೆ ಬಿದ್ದರೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ, ನೋಡಿರುತ್ತೀರಲ್ವಾ? ಆದರೆ ಬದಿಯ ಪರದೆ ಎತ್ತಿರಲೇಬೇಕು. ಎಲ್ಲಾ ಮುಚ್ಚಿಟ್ಟರೆ ಆವಿ ಒಳಗೇ ತುಂಬಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಧಗೆಯಂತಾಗುತ್ತದೆ. ಮಳೆಗಾಲದಲ್ಲಿ ಇದು ಉಪಯೋಗಕ್ಕಿಲ್ಲ, ಬೆಳಗಾವಿ ಕಡೆಯವರಿಗಂತೂ ಜುಲೈನಲ್ಲಿ ಸುಮ್ನೆ ಶ್ರಮ. ಗಾಳಿಯಲ್ಲಿ ಆಗಲೇ ತೇವ ಇರುವಾಗ ಆವಿಯಾಗುವುದಾದರೂ ಎಲ್ಲಿಗೆ? ಸಂಜೆ 4 ಆದಮೇಲೂ ತೋಯಿಸಬೇಡಿ, ರಾತ್ರಿ ತೇವ ನಿಂತರೆ ಟೊಮೆಟೊ ಎಲೆಗೆ ಬೂಷ್ಟು ಬರುತ್ತದೆ. ಬೆಳಗ್ಗೆಯೂ ಎಲೆ ಬಾಡಿಯೇ ಇದ್ದರೆ ಅದು ಬಿಸಿಲಿನ ಕಾಟವಲ್ಲ, ಬುಡದ ಮಣ್ಣಿಗೆ ಬೆರಳು ಹಾಕಿ ನೋಡಿ.